ಕಾದಿದ್ದ ನ್ಯೂಟ್ರಲ್

ಕ್ಯಾಮೆರಾದ ಪೆಟ್ಟಿಗೆ ಹೊತ್ತುಕೊಂಡು ಯಲ್ಲಾಪುರದಲ್ಲಿ ಬಸ್ ಇಳಿದಾಗ ಚಹಾದಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಯಾರ ಮನೆ ಮದುವೆ?" ಎಂಬುದಾಗಿತ್ತು. ತಪ್ಪು ಅವರದ್ದಲ್ಲ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಥರ್ಮಲ್ ಕ್ಯಾಮೆರಾ ಮದುವೆಯ ವಿಡಿಯೊ ತೆಗೆಯುವವರ ಹೆಗಲ ಮೇಲಿರುತ್ತಿದ್ದ ಕ್ಯಾಮೆರಾದಷ್ಟೇ ದೊಡ್ಡದಿತ್ತು. ಹುಬ್ಬಳ್ಳಿಯ ನಮ್ಮ ಸಣ್ಣ ಸಂಸ್ಥೆ ಅದನ್ನು ಬಾಡಿಗೆಗೆ ತರಿಸಿ, ಒಂದು ವಾರದ ಮಟ್ಟಿಗೆ ನನ್ನ ಕೈಗೆ ಕೊಟ್ಟು, ಯಲ್ಲಾಪುರ, ಸಿದ್ದಾಪುರ, ಶಿರಸಿ ಮುಗಿಸಿಕೊಂಡು ಬಾ ಎಂದು ಕಳಿಸಿತ್ತು.

ಈ ಕ್ಯಾಮೆರಾ ನೋಡುವುದು ಬೆಳಕನ್ನಲ್ಲ, ಬಿಸಿಯನ್ನು. ವಿದ್ಯುತ್ ಹರಿಯುವ ದಾರಿಯಲ್ಲಿ ಎಲ್ಲಾದರೂ ಬೋಲ್ಟ್ ಸಡಿಲವಾಗಿದ್ದರೆ, ತಂತಿಯ ತುದಿ ತುಕ್ಕು ಹಿಡಿದಿದ್ದರೆ, ಆ ಜಾಗ ಕಾಯತೊಡಗುತ್ತದೆ. ಕಣ್ಣಿಗೆ ಅದು ಕಾಣುವುದು ಸುಟ್ಟು ಕಪ್ಪಾದ ಮೇಲೆ. ಕ್ಯಾಮೆರಾಕ್ಕೆ ಅದಕ್ಕಿಂತ ಎಷ್ಟೋ ಮೊದಲೇ ಕಾಣುತ್ತದೆ. ತಣ್ಣಗಿರುವುದು ನೀಲಿ, ಬೆಚ್ಚಗಿರುವುದು ಕೆಂಪು, ತೀರಾ ಬಿಸಿಯಾದದ್ದು ಹಳದಿ, ಬಿಳಿ. ಕೇಳಿದರೆ ಬಹಳ ಸುಲಭ. ನನಗೂ ಯಲ್ಲಾಪುರ ಮುಟ್ಟುವ ತನಕ ಹಾಗೇ ಅನ್ನಿಸಿತ್ತು.

ಅಲ್ಲಿಯ ಒಂದು ಮರದ ಮಿಲ್ಲಿನ ಪ್ಯಾನೆಲ್ಲಿನಲ್ಲಿ, ಅಂದರೆ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ, ತಾಮ್ರದ ಪಟ್ಟಿಯ ಮೇಲೆ ದೊಡ್ಡ ಹಳದಿ ಚುಕ್ಕೆ ಕಂಡಿತು. ನಾನು ಗಾಬರಿಬಿದ್ದು ಮಿಲ್ಲು ನಿಲ್ಲಿಸಲು ಹೇಳಿದೆ. ಬಿಚ್ಚಿ ನೋಡಿದರೆ ಏನೂ ಇಲ್ಲ. ಬೋಲ್ಟು ಬಿಗಿಯಾಗಿತ್ತು, ತಾಮ್ರ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಮೋಸವಾಗಿದ್ದು ಆ ಹೊಳಪಿನಿಂದಲೇ. ಹೊಳೆಯುವ ಲೋಹ ಬಿಸಿಯ ಮಟ್ಟಿಗೆ ಕನ್ನಡಿ ಇದ್ದ ಹಾಗೆ. ತನ್ನ ಬಿಸಿಯನ್ನು ಅಡಗಿಸಿಕೊಂಡು ಎದುರಿಗಿದ್ದವರ ಬಿಸಿಯನ್ನು ತೋರಿಸುತ್ತದೆ. ನನ್ನ ಬೆನ್ನ ಹಿಂದೆ ತಗಡಿನ ಮಾಡು ಬಿಸಿಲಿಗೆ ಕಾದಿತ್ತು, ಅದರದ್ದೇ ಪ್ರತಿಬಿಂಬ ಅದು. ಮಿಲ್ಲಿನ ಯಜಮಾನರು ಬೈಯಲಿಲ್ಲ. "ಹೋಗ್ಲಿ ಬಿಡಿ, ಯಂತ್ರಕ್ಕೂ ಒಂದೊಂದ್ಸಲ ಭ್ರಮೆ ಆಗ್ತದೆ" ಎಂದು ಮಜ್ಜಿಗೆ ಕೊಡಿಸಿದರು. ಬೈದಿದ್ದರೆ ಒಳ್ಳೆಯದಿತ್ತು. ಸಿದ್ದಾಪುರದಲ್ಲಿ ಪ್ರತಿ ಚುಕ್ಕೆಯನ್ನೂ ಎರಡೆರಡು ಸಲ ನೋಡಿದೆ.

ಕೊನೆಯದ್ದು ಶಿರಸಿ. ಪೇಟೆಯಿಂದ ಸ್ವಲ್ಪ ಹೊರಗಿದ್ದ ಒಂದು ಹೆರಿಗೆ ಆಸ್ಪತ್ರೆ. ನಡೆಸುತ್ತಿದ್ದವರು ಐವತ್ತು ದಾಟಿದ ವೈದ್ಯೆ. ಹೆಗ್ಗರಣೆಯ ಕಡೆಯವರು. ನಾನು ಹುಲಗೋಳದವನು ಎಂದು ಗೊತ್ತಾದ ಕೂಡಲೇ ಮಾತು ನಮ್ಮಿಬ್ಬರ ಮನೆಯ ಹವ್ಯಕ ಭಾಷೆಗೆ ಹೊರಳಿತು.

"ನೋಡು ತಮ್ಮ, ಯನ್ನ ತೊಂದ್ರೆ ಎಂತ ಅಂದ್ರೆ ಬಲ್ಬು. ಕೂಸಿನ ಕೋಣೆ ಬಲ್ಬು ನಿಲ್ತೇ ಇಲ್ಲೆ. ಬೇರೆ ಕೋಣೆಲಿ ವರ್ಷಗಟ್ಲೆ ಬತ್ತು, ಅಲ್ಲಿ ಮಾತ್ರ ಹಾಕಿದಾಂಗೆ ಹೋಗ್ತು. ಕಂಪನಿ ಬದಲಾಯಿಸಿ ನೋಡಿದ್ದಾತು. ಮೊನ್ನೆ ವಾರ್ಮರಿನ ಫ್ಯೂಸೂ ಹೋತು."

ಕೂಸಿನ ಕೋಣೆ ಎಂದರೆ ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಇಡುವ ಕೋಣೆ. ವಾರ್ಮರ್ ಎಂದರೆ ಮಗುವಿನ ಮೇಲೆ ಹದವಾದ ಶಾಖ ಬೀರುವ ಯಂತ್ರ. ಆ ದಿನ ಅಲ್ಲಿ ಎರಡು ಶಿಶುಗಳಿದ್ದವು. ಒಂದಂತೂ ನನ್ನ ಅಂಗೈಯಿಂದ ಮೊಣಕೈ ತನಕದ ಉದ್ದವೂ ಇರಲಿಲ್ಲ. ಗಾಜಿನ ಬಾಗಿಲಿನ ಆಚೆಯಿಂದ ನೋಡಿದೆ. ಟೊಪ್ಪಿ ಹಾಕಿದ ತಲೆ, ಅದರ ಕೆಳಗೆ ಒಂದೇ ಸಮ ಏರಿಳಿಯುವ ಎದೆ.

ಬಲ್ಬಿನ ಮಾತು ಕೇಳಿದಾಗಲೇ ಒಂದು ಅನುಮಾನ ತಲೆಗೆ ಬಂತು. ಆದರೆ ಯಲ್ಲಾಪುರದ ಮಜ್ಜಿಗೆ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಪ್ಯಾನೆಲ್ ಕೋಣೆ ತೋರಿಸಲು ಬಂದವರು ಆಸ್ಪತ್ರೆಯ ವೈರ್‌ಮನ್. ಬನವಾಸಿ ಕಡೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಆಸ್ಪತ್ರೆ ಶುರುವಾದಾಗಿನಿಂದ ಅಲ್ಲಿಯೇ ಇದ್ದರು. "ಬರ್ರಿ ಸಾಹೇಬ್ರ" ಎಂದು ನನ್ನ ಪೆಟ್ಟಿಗೆ ಇಸಿದುಕೊಂಡು ಮುಂದೆ ನಡೆದರು. ನಡೆಯುವಾಗ ಜನರೇಟರಿನ ಬಗ್ಗೆ, ನೀರಿನ ಪಂಪಿನ ಬಗ್ಗೆ, ಆಪರೇಷನ್ ಕೋಣೆಯ ದೀಪದ ಬಗ್ಗೆ ಉತ್ಸಾಹದಿಂದ ಹೇಳಿದರು. ಪ್ಯಾನೆಲ್ಲಿನ ಮುಂದೆ ನಿಂತ ಮೇಲೆ ಮಾತು ನಿಂತಿತು.

ಹೊರಬಾಗಿಲು ತೆಗೆದರು. ಒಳಗೆ ಪಾರದರ್ಶಕವಾದ ಅಕ್ರಿಲಿಕ್ ಶೀಟು ಇತ್ತು. ಕೈ ತಪ್ಪಿ ತಾಮ್ರದ ಪಟ್ಟಿ ಮುಟ್ಟದಿರಲಿ ಎಂದು ಹಾಕಿದ್ದು. ನಾನು ಕ್ಯಾಮೆರಾ ಹಿಡಿದೆ. ತೆರೆಯ ಮೇಲೆ ಒಬ್ಬ ಮನುಷ್ಯನ ಕೆಂಪು ಆಕಾರ ಮೂಡಿತು, ಹಿಂದೆ ಇನ್ನೊಬ್ಬನದ್ದು. ನಾನು ಮತ್ತು ವೈರ್‌ಮನ್ನರು. ಅಕ್ರಿಲಿಕ್ ನಮ್ಮ ಕಣ್ಣಿಗೆ ಪಾರದರ್ಶಕ, ಕ್ಯಾಮೆರಾಕ್ಕೆ ಗೋಡೆ.

"ಈ ಶೀಟು ತೆಗೀಬೇಕಲ್ಲ ಅಣ್ಣಾ."

"ಸ್ಕ್ರೂ ಜಾಮ್ ಆಗ್ಯಾವ್ರಿ. ಮುರಿದು ಗಿರಿದ್ರ ಅಂಥಾವ ಮತ್ತ ಸಿಗಂಗಿಲ್ಲ. ಹಿಂಗ ನೋಡಿದ್ರ ಆಗಂಗಿಲ್ಲೇನ್ರಿ?"

"ಹೀಗೆ ನೋಡಿದರೆ ನಾವಿಬ್ಬರೇ ಕಾಣ್ತೇವೆ."

ಅವರು ನಗಲಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದರು, ಕೋಣೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಬೇಸಿಗೆಯಲ್ಲಿ ಅದು ದಿನದ ಮಾತು. ಜನರೇಟರ್ ಶುರುವಾಯಿತು, ಆದರೆ ಅದರ ಮೇಲೆ ಅಗತ್ಯದ ದೀಪ, ಯಂತ್ರಗಳಷ್ಟೇ. ಹರಿಯುವ ಕರೆಂಟು ಕಡಿಮೆ ಇದ್ದರೆ ಸಡಿಲ ಬೋಲ್ಟು ಕೂಡ ತಣ್ಣಗೆ ಕೂತಿರುತ್ತದೆ. ಆ ದಿನ ಕೆಲಸ ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಬೇಗ ಬಂದೆ. ಆಸ್ಪತ್ರೆಯಲ್ಲಿ ಹೆಚ್ಚು ವಿದ್ಯುತ್ ಎಳೆಯುವುದು ಬೆಳಗಿನ ಹೊತ್ತು. ಸ್ನಾನದ ಗೀಸರು, ಉಪಕರಣ ಬೇಯಿಸುವ ಯಂತ್ರ, ಪಂಪು ಎಲ್ಲ ಒಟ್ಟಿಗೆ ನಡೆಯುತ್ತವೆ. ಶೀಟನ್ನು ಕರೆಂಟು ಇರುವಾಗ ಬಿಚ್ಚುವುದು ಬೇಡ ಎಂದು ರಾತ್ರಿಯೇ ನಿಶ್ಚಯಿಸಿಕೊಂಡಿದ್ದೆ. ವೈದ್ಯೆಯನ್ನು ಕೇಳಿ, ಗೀಸರುಗಳನ್ನು ಹಾಕುವ ಮೊದಲು ಕೆಲವೇ ನಿಮಿಷ ಎಲ್ಲ ಆಫ್ ಮಾಡಿಸಿದೆ. ಅಷ್ಟು ಹೊತ್ತಿನಲ್ಲಿ ವಾರ್ಮರಿನ ಬಿಸಿ ಇಳಿಯುವುದಿಲ್ಲ ಎಂದು ಅವರೇ ಹೇಳಿದರು.

ಸ್ಕ್ರೂ ಜಾಮ್ ಆಗಿರಲಿಲ್ಲ. ನಾಲ್ಕೂ ಸಲೀಸಾಗಿ ಬಂದವು. ಶೀಟು ತೆಗೆದಾಗ ಒಳಗೆ ಒಂದು ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು ಕಂಡಿತು. ಹಳೆಯದು, ಒಣಗಿ ಬಿರುಕು ಬಿಟ್ಟದ್ದು. ತಳದಲ್ಲಿ ಬೆರಳು ಆಡದ ಧೂಳು. ಬಹಳ ಕಾಲದಿಂದ ಇದನ್ನು ಯಾರೂ ತೆರೆದಿಲ್ಲ ಎಂಬುದು ಕಣ್ಣೆದುರಿಗೇ ಇತ್ತು. ನಾನು ವೈರ್‌ಮನ್ನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಗೂಡನ್ನು ಬ್ರಷ್ಷಿನಿಂದ ತೆಗೆದು ಹಾಕಿದೆ.

ಮತ್ತೆ ಕರೆಂಟು ಹಾಕಿಸಿ, ರಬ್ಬರಿನ ಚಾಪೆಯ ಮೇಲೆ ನಿಂತು, ಮುಖಕ್ಕೆ ಕವಚ ಹಾಕಿ, ಕೈ ಚಾಚಿದರೂ ಮುಟ್ಟದಷ್ಟು ದೂರದಿಂದ ನೋಡುತ್ತಾ ಕಾದೆ. ಗೀಸರುಗಳು ಬಂದವು, ಪಂಪು ಬಂತು. ಕರೆಂಟು ತರುವ ಮೂರು ಫೇಸಿನ ಪಟ್ಟಿಗಳೂ ಒಂದೇ ಬಣ್ಣಕ್ಕೆ ತಿರುಗಿದವು, ತಿಳಿಗೆಂಪು. ಅದು ಸರಿಯಾದದ್ದೇ. ಕೆಳಗೆ ನ್ಯೂಟ್ರಲ್ ಪಟ್ಟಿಯತ್ತ ಕ್ಯಾಮೆರಾ ಇಳಿಸಿದೆ. ಪಟ್ಟಿ ಅಷ್ಟೇನೂ ಬಿಸಿ ಕಾಣಲಿಲ್ಲ. ಆದರೆ ಅದಕ್ಕೆ ಬೋಲ್ಟಿನಿಂದ ಕಚ್ಚಿಸಿದ್ದ ದಪ್ಪ ಕೇಬಲ್ಲಿನ ಕಪ್ಪು ಹೊದಿಕೆ ತೆರೆಯ ಮೇಲೆ ತುದಿಯಲ್ಲಿ ಬೆಳ್ಳಗೆ ಉರಿಯುತ್ತಿತ್ತು. ಬಿಳಿ, ಆಮೇಲೆ ಹಳದಿ, ಆಮೇಲೆ ಕೆಂಪು, ಕೇಬಲ್ ಕೆಳಗಿಳಿದ ಹಾಗೆ ನೀಲಿ.

ಬಲಕ್ಕೆ ಸರಿದು ನೋಡಿದೆ, ಎಡಕ್ಕೆ ಸರಿದು ನೋಡಿದೆ, ಕುಕ್ಕರುಗಾಲಲ್ಲಿ ಕೂತು ನೋಡಿದೆ. ಪ್ರತಿಬಿಂಬವಾದರೆ ನಾವು ಸರಿದ ಹಾಗೆ ಅದೂ ಸರಿಯುತ್ತದೆ. ಇದು ಕದಲಲಿಲ್ಲ. ಮೇಲಾಗಿ ಕಪ್ಪು ಹೊದಿಕೆ ಹೊಳೆಯುವ ವಸ್ತುವಲ್ಲ, ಅದು ತೋರಿಸುವ ಬಿಸಿ ನಿಜವಾದದ್ದು. ಹೊಳೆಯುವ ಪಟ್ಟಿಯೇ ತನ್ನ ಬಿಸಿಯನ್ನು ಅಡಗಿಸಿಕೊಂಡಿತ್ತು. ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿ ಅಲ್ಲಿತ್ತು.

ನ್ಯೂಟ್ರಲ್ ಎಂದರೆ ಮೂರು ಫೇಸುಗಳಲ್ಲಿ ಬಂದ ಕರೆಂಟು ಹಿಂದಿರುಗುವ ಸಾಮಾನ್ಯ ದಾರಿ. ಅದು ಕಡಿದರೆ ಕರೆಂಟು ಒಂದು ಕೋಣೆಯಿಂದ ಇನ್ನೊಂದು ಕೋಣೆಯ ಮೂಲಕ ದಾರಿ ಹುಡುಕುತ್ತದೆ. ಆಗ ಹೆಚ್ಚು ಯಂತ್ರಗಳಿರುವ ಕಡೆ ದೀಪ ಮಂಕಾಗುತ್ತದೆ, ಕಡಿಮೆ ಇರುವ ಕಡೆ ವೋಲ್ಟೇಜು ಹೆಚ್ಚುಕಡಿಮೆ ಎರಡು ಪಟ್ಟು ಏರಬಹುದು. ಯಾವ ಫೇಸಿನ ಮೇಲೆ ಭಾರ ಕಡಿಮೆ ಎಂದು ಅಳೆದೆ. ಕೂಸಿನ ಕೋಣೆಯ ಫೇಸು. ನ್ಯೂಟ್ರಲ್ ಪೂರ್ತಿ ಕಡಿದಿರಲಿಲ್ಲ, ಆಗಾಗ ಜೀವ ಬಿಡುತ್ತಿತ್ತು. ಪ್ರತಿ ಸಲವೂ ಅಲ್ಲಿ ಒಂದು ಬಲ್ಬು ಹೋಗುತ್ತಿತ್ತು. ಇಷ್ಟು ದಿನ ಬಲ್ಬು, ಮೊನ್ನೆ ಫ್ಯೂಸು. ಮುಂದಿನದ್ದು ವಾರ್ಮರೇ ಇರಬಹುದು.

ನಮ್ಮ ಕೆಲಸದ ಕರಾರು ನೋಡುವುದಕ್ಕೆ ಮಾತ್ರ. ಚಿತ್ರ ತೆಗೆದು, ವರದಿ ಬರೆದು, 'ತಕ್ಷಣ ಸರಿಪಡಿಸತಕ್ಕದ್ದು' ಎಂದು ಕೆಂಪು ಅಕ್ಷರದಲ್ಲಿ ಹಾಕಿ ಹೊರಟುಬಿಡಬಹುದಿತ್ತು. ಸಂಜೆಯ ಬಸ್ಸಿಗೆ ನಾನು ಹುಬ್ಬಳ್ಳಿಗೆ ಹೋಗಬೇಕಿತ್ತು. ವೈದ್ಯೆಯ ಕೋಣೆಯಿಂದ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ವರದಿ ಕೊಟ್ಟು ಬಾ" ಎಂದರು ಅವರು. "ರಿಪೇರಿ ನಮ್ಮ ಕೆಲಸ ಅಲ್ಲ. ಆಸ್ಪತ್ರೆ ಅದು. ನೀನು ಕೈ ಹಾಕಿದ ಮೇಲೆ ಒಂದು ಬಲ್ಬು ಹೋದರೂ ನಿನ್ನ ತಲೆಗೇ ಬರ್ತದೆ. ಯಲ್ಲಾಪುರದ್ದು ಸಾಕಾಗಲಿಲ್ಲವಾ?"

ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಫೋನಿಟ್ಟು ವೈದ್ಯೆಗೆ ಚಿತ್ರ ತೋರಿಸಿ, ಬಲ್ಬಿನ ಕಾರಣ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಕರೆಂಟು ತೆಗಿಯದೇ ಬಿಗಿ ಮಾಡಲೆ ಬತ್ತಿಲ್ಯ ತಮ್ಮ? ರಬ್ಬರ್ ಗ್ಲೌಸು ಹಾಕ್ಕಂಡು?"

"ಬತ್ತಿಲ್ಲೆ ಅಕ್ಕ. ಬೋಲ್ಟು ಒಳಗಿಂದ ಸುಟ್ಟಿಕ್ಕು. ಬಿಗಿ ಮಾಡಲೆ ಹೋಗಿ ಅದು ಮುರಿದ್ರೆ ಆ ಕ್ಷಣವೇ ನ್ಯೂಟ್ರಲ್ ಹೋಗ್ತು. ಯಾವುದರ ಹೆದರಿಕೆ ಇದ್ದೋ ಅದನ್ನೇ ಕೈಯಾರೆ ಮಾಡಿದಾಂಗೆ ಆಗ್ತು."

"ಜನರೇಟರ್ ಹಾಕ್ಕಂಡು ಮಾಡು ಹಂಗಾರೆ."

"ಜನರೇಟರಿನ ಕರೆಂಟೂ ಇದೇ ನ್ಯೂಟ್ರಲ್ ಮೇಲೇ ಬಪ್ಪದು. ಎರಡೂ ನಿಲ್ಲಿಸವು. ಒಂದು ತಾಸು, ಹೆಚ್ಚಾದ್ರೂ ಆಗ್ಲಕ್ಕು."

ಅವರು ಕನ್ನಡಕ ತೆಗೆದರು. "ಆ ಸಣ್ಣ ಕೂಸಿಗೆ ತೂಕವೇ ಇಲ್ಲೆ. ಒಂದು ತಾಸು ಶಾಖ ಇಲ್ಲದೇ ಆನು ಅದನ್ನ ಹ್ಯಾಂಗೆ ಇಟ್ಕಳ್ಳವು? ಬೇರೆ ಆಸ್ಪತ್ರೆಗೆ ಸಾಗ್ಸಲೂ ಭಯ. ದಾರಿಲಿ ಎಂತಾದ್ರೂ ಆದ್ರೆ?"

ವರದಿ ಕೊಟ್ಟು ಹೋದರೆ ಏನಾಗುತ್ತದೆ ಎಂದು ಗೊತ್ತಿತ್ತು. ಇವರು ಯಾರನ್ನಾದರೂ ಕರೆಸುತ್ತಾರೆ. ಬಂದವರಿಗೆ ಇವರು ಇದೇ ಪ್ರಶ್ನೆ ಕೇಳುತ್ತಾರೆ, ಕರೆಂಟು ತೆಗೆಯದೇ ಆಗುವುದಿಲ್ಲವೇ ಎಂದು. ಧೈರ್ಯದವನೊಬ್ಬ 'ಆಗ್ತದೆ' ಎನ್ನುತ್ತಾನೆ. ಯಾರೂ ಕೆಟ್ಟವರಲ್ಲ. ಹಾಗಿದ್ದರೂ ಆಗಬಾರದ್ದು ಆಗುವುದು ಹೀಗೆಯೇ.

"ಕೂಸಿನ ಕೋಣೆಗೆ ಮಾತ್ರ ಬೇರೆ ದಾರಿಯಲ್ಲಿ ಕರೆಂಟು ಕೊಡ್ತೆ" ಎಂದೆ. "ಜನರೇಟರಿನಿಂದ ಸೀದಾ ಒಂದು ಕೇಬಲ್ಲು. ಪ್ಯಾನೆಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲೆ. ಉಳಿದದ್ದೆಲ್ಲ ಬಂದ್. ಆನು ಇದ್ದು ಮಾಡಿ ಮುಗಿಸಿಯೇ ಹೋಗ್ತೆ."

ಅವರು ಉತ್ತರ ಕೊಡುವ ಮೊದಲು ಗಂಟೆ ಒತ್ತಿ ಸಿಸ್ಟರನ್ನು ಕರೆದರು. ಮಧ್ಯಾಹ್ನ ಯಾವುದೂ ಆಪರೇಷನ್ ಇಲ್ಲ ಎಂದು ಖಾತ್ರಿ ಮಾಡಿಕೊಂಡರು, ಹೊಸದಾಗಿ ಬರುವ ಹೆರಿಗೆಗಳನ್ನು ಅಷ್ಟು ಹೊತ್ತು ನೋಡಿಕೊಳ್ಳುವಂತೆ ಊರಿನ ಇನ್ನೊಬ್ಬ ವೈದ್ಯರಿಗೆ ಫೋನ್ ಮಾಡಿದರು. ಎರಡೂ ಮಕ್ಕಳ ತಾಯಂದಿರನ್ನು ಕೋಣೆಯೊಳಗೇ ಕೂರಿಸಲು ಹೇಳಿದರು. ಯಂತ್ರ ಕೈಕೊಟ್ಟರೆ ಮಗುವನ್ನು ಎದೆಗೆ ಒತ್ತಿ, ಮೇಲಿಂದ ಕಂಬಳಿ ಹೊದೆಸುವುದು. "ಅದಕ್ಕಿಂತ ಒಳ್ಳೆ ವಾರ್ಮರ್ ಯಾರೂ ಮಾಡಿದ್ದಿಲ್ಲೆ" ಎಂದು ನನ್ನ ಕಡೆ ತಿರುಗಿದರು. "ಹೋಗು, ಶುರು ಮಾಡು."

ಆಫ್ ಮಾಡುವ ಮೊದಲು ಬೇಕಾದದ್ದೆಲ್ಲ ಕೈಯಳತೆಯಲ್ಲಿ ಇರಬೇಕು. ಕೇಬಲ್ಲಿನ ತುದಿಗೆ ಹಾಕುವ ಲಗ್ಗು, ಅದನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಸಾಧನ, ಹೊಸ ಬೋಲ್ಟು, ಕೇಬಲ್ಲಿನ ಅಲ್ಯೂಮಿನಿಯಂ ಮತ್ತು ಪಟ್ಟಿಯ ತಾಮ್ರ ಒಂದನ್ನೊಂದು ತಿನ್ನದಂತೆ ನಡುವೆ ಇಡುವ ವಾಷರು. ವೈರ್‌ಮನ್ನರ ಜೊತೆ ಪೇಟೆಗೆ ಹೋದೆ. ಅಂಗಡಿಯಲ್ಲಿ ಆ ಅಳತೆಯ ಲಗ್ಗು ಸಿಕ್ಕಿತು, ವಾಷರು ಸಿಗಲಿಲ್ಲ. ಅದಕ್ಕಾಗಿ ಊರೆಲ್ಲ ಸುತ್ತಿ ಕೊನೆಗೆ ಒಬ್ಬ ಕಂಟ್ರ್ಯಾಕ್ಟರರ ಗೋದಾಮಿನಲ್ಲಿ ಹುಡುಕಿ ತೆಗೆದೆವು. ಕ್ರಿಂಪಿಂಗ್ ಸಾಧನವನ್ನೂ ಅವರೇ ಕೊಟ್ಟರು.

ಮರಳಿ ಬಂದು ಜನರೇಟರ್ ಶೆಡ್ಡಿನಿಂದ ಕೂಸಿನ ಕೋಣೆಯ ತನಕ ಕೇಬಲ್ ಎಳೆಯುವಾಗ ವೈರ್‌ಮನ್ನರು ತಾವಾಗಿಯೇ ಬಾಯಿಬಿಟ್ಟರು.

"ಸಾಹೇಬ್ರ, ಸ್ಕ್ರೂ ಜಾಮ್ ಆಗಿದ್ದಿಲ್ಲ."

"ಗೊತ್ತಾಯ್ತು ಅಣ್ಣಾ."

"ಎರಡು ವರ್ಷದ ಹಿಂದ ಅದರಾಗ ಒಂದು ಬೋಲ್ಟ್ ಸಡ್ಲ ಆಗಿತ್ತ್ರಿ. ಅವತ್ತು ಒಳಗ ಹೆರಿಗಿ ನಡದಿತ್ತು, ಕರೆಂಟ್ ತೆಗೀರಿ ಅಂತ ಹೆಂಗ ಕೇಳ್ಲಿ? ಹಂಗ ಪಾನಾ ಹಾಕಿದೆ. ಪಾನಾ ಜಾರಿ ಎರಡು ಪಟ್ಟಿಗೂ ತಾಗ್ತು." ಅವರು ಕೇಬಲ್ಲಿನ ಸುರುಳಿಯನ್ನು ಬಿಚ್ಚುತ್ತಲೇ ಇದ್ದರು. "ಶಬ್ದ ಕೇಳಿಲ್ರಿ ನಾ. ಬರೇ ಬೆಳಕು. ಮೂರು ದಿನ ಕಣ್ಣು ಬಿಡಾಕ ಆಗ್ಲಿಲ್ಲ. ಡಾಕ್ಟ್ರಬಾಯಾರ ಔಷಧ ಹಾಕಿದ್ರು, ಕಣ್ಣು ಬಂದ್ವು. ಆದ್ರ ಆ ಶೀಟ್ ತೆಗೀಬೇಕು ಅಂದ್ರ ಕೈ ಏಳಂಗಿಲ್ಲ. ಒಂದ್ಸಲ ಅಲ್ಲ, ಎಷ್ಟೋ ಸಲ ಹೋಗಿ ನಿಂತು ಬಂದೀನಿ."

"ಯಾರಿಗೂ ಹೇಳ್ಲಿಲ್ವಾ?"

"ವೈರ್‌ಮನ್ ಆಗಿ ಕರೆಂಟಿಗೆ ಅಂಜ್ತೀನಿ ಅಂತ ಯಾರ ಮುಂದ ಹೇಳ್ಲಿ? ಮನ್ಯಾಗೂ ಹೇಳಿಲ್ಲ."

ಅವರು ನಿರ್ಲಕ್ಷ್ಯ ಮಾಡಿದ್ದಾರೆ ಎಂದು ಬೆಳಿಗ್ಗೆ ಕಣಜದ ಗೂಡು ಕಂಡಾಗಿನಿಂದ ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ. ಈಗ ಇಷ್ಟೇ ಹೇಳಿದೆ. "ಇವತ್ತು ಕರೆಂಟು ಇಲ್ಲದೇ ಮಾಡೋಣ. ಇಲ್ಲ ಅಂತ ನಾನು ಹೇಳಿದರೆ ನಂಬಬೇಡಿ. ನೀವೇ ಪರೀಕ್ಷೆ ಮಾಡಿ. ನಿಮಗೆ ಖಾತ್ರಿ ಆಗುವ ತನಕ ಯಾರೂ ಮುಟ್ಟುವುದಿಲ್ಲ."

ಜನರೇಟರನ್ನು ಮೊದಲು ಶುರುವಾಗದಂತೆ ಬಂದ್ ಮಾಡಿ, ಪ್ಯಾನೆಲ್ಲಿಗೆ ಹೋಗುವ ಕೇಬಲ್ಲನ್ನು ಜನರೇಟರಿನ ತುದಿಯಲ್ಲೇ ಬಿಚ್ಚಿ ಪಕ್ಕಕ್ಕೆ ಕಟ್ಟಿದೆವು. ಆ ಜಾಗಕ್ಕೆ ಹೊಸ ಕೇಬಲ್ ಸೇರಿಸಿದೆವು. ಕೂಸಿನ ಕೋಣೆಯಲ್ಲಿ ಅದನ್ನು ಗೋಡೆಯ ಪ್ಲಗ್ಗಿಗೆ ಕೊಡಲಿಲ್ಲ. ಕೊಟ್ಟರೆ ಕರೆಂಟು ಗೋಡೆಯ ವೈರಿನಲ್ಲಿ ಹಿಂದಕ್ಕೆ ಹರಿದು ಪ್ಯಾನೆಲ್ಲಿಗೇ ಬಂದು ನಿಲ್ಲುತ್ತದೆ, ನಾವು ಕೈ ಹಾಕಿದ ಕಡೆಗೇ. ಬೇರೆಯೇ ಬೋರ್ಡು ಇಟ್ಟು ಎರಡೂ ವಾರ್ಮರುಗಳನ್ನು ಅದಕ್ಕೆ ಹಾಕಿದೆವು. ಜನರೇಟರ್ ಓಡಿಸಿ, ಆ ತಾತ್ಕಾಲಿಕ ಕೂಡಿಕೆಗಳನ್ನೂ ಕ್ಯಾಮೆರಾದಲ್ಲಿ ನೋಡಿದೆ. ತಣ್ಣಗಿದ್ದವು. ಒಬ್ಬ ತಾಯಿ, "ನಮ್ ಪಾಪೂದು ಫೋಟೊ ತೆಗ್ದ್ರಾ?" ಎಂದು ಕೇಳಿದಳು. ಇಲ್ಲಮ್ಮ, ವೈರಿಂದು ಎಂದೆ. ಆಕೆಗೆ ಬೇಸರವಾಯಿತು.

ಹೊರಗೆ, ವೈದ್ಯೆ ಕರೆಸಿದ್ದ ವಿದ್ಯುತ್ ಇಲಾಖೆಯ ಲೈನ್‌ಮನ್ ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು, ಕಂಬದ ಬುಡದಲ್ಲೇ ಕಾವಲು ಕೂತ. ಆಸ್ಪತ್ರೆಯ ಫ್ಯಾನುಗಳು ಒಂದೊಂದಾಗಿ ನಿಂತವು. ಅಷ್ಟು ಹೊತ್ತೂ ಕೇಳದಿದ್ದ ಮಾತು, ಕೆಮ್ಮು, ಬಾಗಿಲಿನ ಕಿರುಗುಟ್ಟುವಿಕೆ ಎಲ್ಲ ಕೇಳತೊಡಗಿದವು. ದೂರದ ಶೆಡ್ಡಿನಲ್ಲಿ ಜನರೇಟರಿನ ಸದ್ದು ಮಾತ್ರ.

ವೈರ್‌ಮನ್ನರು ಎರಡು ಬಲ್ಬುಗಳನ್ನು ಸಾಲಾಗಿ ಕಟ್ಟಿದ ಟೆಸ್ಟ್ ಲ್ಯಾಂಪು ಹಿಡಿದಿದ್ದರು. ಮೊದಲು ಅದನ್ನು ಜನರೇಟರಿನ ಬೋರ್ಡಿಗೆ ಹಿಡಿದು ಉರಿಯುತ್ತದೆ ಎಂದು ನೋಡಿಕೊಂಡರು. ಆಮೇಲೆ ಪ್ಯಾನೆಲ್ಲಿಗೆ ಬಂದರು. ತಂತಿಯ ಮೊನೆ ತಾಮ್ರಕ್ಕೆ ತಗುಲಿ ಟಕ್ ಟಕ್ ಎನ್ನುತ್ತಿತ್ತು. ಒಂದೊಂದು ಫೇಸು ಭೂಮಿ ತಂತಿಗೆ, ಒಂದೊಂದು ಫೇಸು ಇನ್ನೊಂದಕ್ಕೆ, ನ್ಯೂಟ್ರಲ್ಲಿಗೆ. ದೀಪ ಹತ್ತಲಿಲ್ಲ. ಮತ್ತೆ ಬೋರ್ಡಿಗೆ ಹೋಗಿ ಲ್ಯಾಂಪು ಕೆಟ್ಟಿಲ್ಲ ಎಂದು ನೋಡಿ ಬಂದರು. ಬಂದವರು ಮೊದಲಿಂದ ಮತ್ತೊಮ್ಮೆ ಎಲ್ಲವನ್ನೂ ನೋಡಿದರು. ನಾನು ಅವಸರ ಮಾಡಲಿಲ್ಲ. ಅಕಸ್ಮಾತ್ ಕರೆಂಟು ಬಂದರೂ ತಾಗದಂತೆ ಪಟ್ಟಿಗಳನ್ನೆಲ್ಲ ಸೇರಿಸಿ ಭೂಮಿಗೆ ಕಟ್ಟಿದ ಮೇಲೆ, "ಇಲ್ರಿ, ಏನೂ ಇಲ್ಲ" ಎಂದರು. ಆದರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಪಾನಾ ಹಿಡಿದದ್ದು ನಾನೇ.

ಬೋಲ್ಟು ಅರ್ಧ ಸುತ್ತು ತಿರುಗಿದ್ದಷ್ಟೇ, ಪುಸಕ್ಕನೆ ಮುರಿದು ಕೈಗೆ ಬಂತು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲ ಇದ್ದಿಲಿನ ಹಾಗಾಗಿತ್ತು.

ಲಗ್ಗನ್ನೂ ಸುಟ್ಟ ತುದಿಯನ್ನೂ ಕತ್ತರಿಸಿದೆ. ಒಳಗಿನ ಅಲ್ಯೂಮಿನಿಯಂ ಎಳೆಗಳು ಮುಟ್ಟಿದರೆ ಉದುರುತ್ತಿದ್ದವು. ಗಟ್ಟಿ ಎಳೆ ಸಿಗುವ ತನಕ ಇನ್ನಷ್ಟು ಕತ್ತರಿಸಬೇಕಾಯಿತು. ಹೊಸ ಲಗ್ಗು ಹಿಡಿದು ನೋಡಿದರೆ ಕೇಬಲ್ಲು ಪಟ್ಟಿಗೆ ಮುಟ್ಟುತ್ತಿಲ್ಲ. ಒಂದು ಗೇಣು ಕಡಿಮೆ.

ಬೇಕಾದದ್ದೆಲ್ಲ ಇದೆ ಎಂದುಕೊಂಡಿದ್ದೆ, ಉದ್ದ ಸಾಲದೆ ಹೋದೀತು ಎಂದು ಯೋಚಿಸಿರಲಿಲ್ಲ. ಕೂಡಿಸಿ ಕಟ್ಟಿದರೆ ನಾಳೆ ಇನ್ನೊಂದು ಬಿಸಿ ಜಾಗ ತಯಾರಾಗುತ್ತದೆ. ಹೊಸ ಕೇಬಲ್ಲು ತರಬೇಕೆಂದರೆ ಸಂಜೆಯಾಗುತ್ತದೆ. ಸಿಸ್ಟರ್ ಬಂದು ಬಾಗಿಲಲ್ಲಿ ಇಣುಕಿ, "ಎಷ್ಟೊತ್ತು ಅಂತ ಡಾಕ್ಟ್ರು ಕೇಳ್ತಾರೆ" ಎಂದರು. ಇನ್ನು ಸ್ವಲ್ಪ ಹೊತ್ತು ಎಂದು ಹೇಳಿ ಕಳಿಸಿದೆ.

ಪ್ಯಾನೆಲ್ಲಿನ ಕೆಳಗೆ ನೆಲದಲ್ಲಿ ಕೇಬಲ್ಲು ಬರುವ ಕಾಲುವೆ ಇತ್ತು. ಅದರ ತಗಡು ಎತ್ತಿ ನೋಡಿದರೆ ತಿರುವಿನಲ್ಲಿ ಕೇಬಲ್ಲು ಸ್ವಲ್ಪ ಡೊಂಕಾಗಿ ಮಲಗಿತ್ತು. ಆ ಡೊಂಕನ್ನು ಮೇಲಕ್ಕೆ ನೂಕಿದರೆ ಒಂದು ಗೇಣು ಬಂದೀತು. ಆದರೆ ನಾನು ಮೇಲಿಂದ ಎಳೆಯಬೇಕು, ಇನ್ನೊಬ್ಬರು ಕಾಲುವೆಗೆ ಇಳಿದು, ಪ್ಯಾನೆಲ್ಲಿನ ಬುಡದಿಂದ ಭುಜದ ತನಕ ಕೈ ಒಳಗೆ ಹಾಕಿ ನೂಕಬೇಕು. ಲೈನ್‌ಮನ್ನನ್ನು ಫ್ಯೂಸಿನ ಹತ್ತಿರದಿಂದ ಕರೆಯುವ ಹಾಗಿರಲಿಲ್ಲ.

ಕೇಳಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೆ. ವೈರ್‌ಮನ್ನರು ಟೆಸ್ಟ್ ಲ್ಯಾಂಪು ಎತ್ತಿಕೊಂಡು ಮತ್ತೆ ಒಂದು ಸುತ್ತು ಎಲ್ಲ ಕಡೆ ಹಿಡಿದು ನೋಡಿದರು. ಅಂಗಿಯ ತೋಳು ಮಡಚದೆ ಗುಂಡಿ ಹಾಕಿಕೊಂಡರು. ಕಾಲುವೆಗಿಳಿದು, ಗೋಡೆಗೆ ಮುಖ ಮಾಡಿ, ಕೈ ಒಳಗೆ ಹಾಕಿದರು. ಅವರ ಕಣ್ಣು ಮುಚ್ಚಿತ್ತು.

"ಎಳೀರಿ ಸಾಹೇಬ್ರ."

ಎಳೆದೆ. ಕದಲಲಿಲ್ಲ.

"ತಡೀರಿ." ಅವರು ಭುಜವನ್ನು ಇನ್ನೂ ಒಳಗೆ ಒತ್ತಿದರು. ಉಸಿರು ಬಿಗಿಹಿಡಿದು ನೂಕಿದ ಸದ್ದು ಕೇಳಿಸಿತು. ಕೇಬಲ್ಲು ಒಂದು ಬೆರಳು ಮೇಲೆ ಬಂತು, ಇನ್ನೊಂದು ಬೆರಳು, ಆಮೇಲೆ ಒಮ್ಮೆಲೇ ಒಂದು ಗೇಣಿಗಿಂತ ಹೆಚ್ಚು.

"ಬಂತು, ಬಂತು. ಸಾಕು."

ಕಣ್ಣು ಬಿಟ್ಟು ಮೇಲೆ ನೋಡಿದರು. ಕೈಯನ್ನು ಹೊರಗೆ ತೆಗೆಯಲಿಲ್ಲ. "ನೀವು ಲಗ್ ಹಾಕ್ರಿ. ನಾ ಹಿಡ್ಕೊಂಡಿರ್ತೀನಿ" ಎಂದರು. ಅಷ್ಟು ಹೊತ್ತೂ, ನಾನು ತುದಿ ಉಜ್ಜಿ ಹೊಳಪು ಮಾಡಿ, ಲಗ್ಗು ಒತ್ತಿ, ವಾಷರಿಟ್ಟು, ಬೋಲ್ಟು ಕೂರಿಸುವ ತನಕ ಹಾಗೇ ಹಿಡಿದುಕೊಂಡಿದ್ದರು. ಕೊನೆಯ ಬಿಗಿ ಕೊಡಲು ನಾನು ಪಾನಾ ಮುಂದೆ ಮಾಡಿದೆ. ಅವರು ಮೇಲೆ ಹತ್ತಿ ಬಂದು ಇಸಿದುಕೊಂಡು ಬಿಗಿ ಮಾಡಿದರು. ಹದವಾಗಿ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಭೂಮಿಗೆ ಕಟ್ಟಿದ್ದ ತಂತಿಗಳನ್ನು ಬಿಚ್ಚಿದೆವು. ಒಳಗೆ ಬಿಟ್ಟ ಪಾನಾ, ಬಟ್ಟೆ ಏನಾದರೂ ಇದೆಯೇ ಎಂದು ಇಬ್ಬರೂ ನೋಡಿದೆವು. ಲೈನ್‌ಮನ್ ಫ್ಯೂಸು ಹಾಕಿದ. ಇನ್ನು ಮೇನ್ ಸ್ವಿಚ್ಚು. ನಾನು ಕೈ ಮುಂದೆ ಮಾಡಿದಾಗ ಅವರು ಅಡ್ಡ ಬಂದರು. "ನಾ ಹಾಕ್ತೀನ್ರಿ." ಬಾಗಿಲು ಮುಚ್ಚಿ, ಪಕ್ಕಕ್ಕೆ ನಿಂತು, ಮುಖವನ್ನು ಆಚೆ ತಿರುಗಿಸಿ, ಹಿಡಿ ಮೇಲಕ್ಕೆತ್ತಿದರು. ವಾರ್ಡಿನಲ್ಲಿ ಫ್ಯಾನುಗಳು ತಿರುಗತೊಡಗಿದವು. ಯಾರೋ "ಬಂತು" ಎಂದರು, ಮಾಮೂಲಿ ದಿನ ಕರೆಂಟು ಬಂದಾಗ ಹೇಳುವ ಹಾಗೇ.

ಗೀಸರು, ಪಂಪು ಎಲ್ಲ ಹಾಕಿಸಿ, ಕಾದು, ಮತ್ತೆ ಕ್ಯಾಮೆರಾ ಹಿಡಿದೆ. ನ್ಯೂಟ್ರಲ್ಲಿನ ಕಪ್ಪು ಹೊದಿಕೆಗೂ ಪಕ್ಕದ ಫೇಸಿನ ಹೊದಿಕೆಗೂ ಬಣ್ಣದಲ್ಲಿ ವ್ಯತ್ಯಾಸ ಇರಲಿಲ್ಲ. ವೈರ್‌ಮನ್ನರ ಕೈಗೆ ಕ್ಯಾಮೆರಾ ಕೊಟ್ಟೆ. ಅವರು ತೆರೆಯನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಪ್ಯಾನೆಲ್ಲನ್ನೇ ನೋಡಿದರು.

ವಾರ್ಮರುಗಳನ್ನು ಗೋಡೆಯ ಪ್ಲಗ್ಗಿಗೂ ಜನರೇಟರಿನ ಕೇಬಲ್ಲನ್ನು ಮೊದಲಿನ ಜಾಗಕ್ಕೂ ಮರಳಿಸಿ, ವೈದ್ಯೆಗೆ ವರದಿ ಹೇಳಲು ಹೋದಾಗ ವೈರ್‌ಮನ್ನರೂ ಹಿಂದೆ ಬಂದರು. ಎಷ್ಟು ಹೇಳಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಪ್ಯಾನೆಲ್ಲು ಎರಡು ವರ್ಷದಿಂದ ತೆರೆದಿಲ್ಲ ಎಂಬುದನ್ನು ಬಿಟ್ಟು ಬರೆದರೆ ವರದಿ ಸುಳ್ಳಾಗುತ್ತದೆ, ಬರೆದರೆ ಇವರ ಕೆಲಸಕ್ಕೇ ಕುತ್ತು ಬಂದೀತು. ಆ ಕಷ್ಟ ನನಗೆ ಬರಲಿಲ್ಲ. ಅವರೇ ಮುಂದೆ ಬಂದು, ಶೆಡ್ಡಿನ ಹತ್ತಿರ ನನಗೆ ಹೇಳಿದ್ದನ್ನೆಲ್ಲ ನಿಂತುಕೊಂಡೇ ಹೇಳಿದರು. "ತಪ್ಪಾಗೇತ್ರಿ ಬಾಯಾರ" ಎಂದು ಮುಗಿಸಿದರು.

ವೈದ್ಯೆ ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಎಂದರು. ಅವರು ಕೂರಲಿಲ್ಲ. "ಕೂತ್ಕೊಳ್ಳಿ ಅಂದೆ." ಕೂತರು.

"ಅವತ್ತು ನಿಮ್ಮ ಕಣ್ಣು ನೋಡಿದೆ, ಕೈ ನೋಡಿದೆ, ಔಷಧಿ ಬರೆದೆ. ಹೆದರಿಕೆ ಆಗಿದೆಯಾ ಅಂತ ಕೇಳ್ಲೇ ಇಲ್ಲ ನೋಡಿ. ದಿನಾ ಬಾಣಂತಿಯರಿಗೆ ಕೇಳ್ತೇನೆ ಅದನ್ನ." ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವರ ಕಡೆ ಸರಿಸಿದರು. "ಇನ್ನು ಮೇಲೆ ಕರೆಂಟು ತೆಗೆಯದೆ ಅದರೊಳಗೆ ಯಾರೂ ಕೈ ಹಾಕುವುದು ಬೇಡ. ಹೆರಿಗೆ ನಡೀತಾ ಇದ್ದರೂ ಬಂದು ನನ್ನ ಕೇಳಿ. ಏನು ಮಾಡಬೇಕು ಅಂತ ಇಬ್ಬರೂ ಕೂತು ಯೋಚಿಸುವ."

ಹುಬ್ಬಳ್ಳಿಗೆ ಕೊನೆಯ ಬಸ್ಸು ಇನ್ನೂ ಇತ್ತು. ವೈರ್‌ಮನ್ನರು ಕ್ಯಾಮೆರಾದ ಪೆಟ್ಟಿಗೆ ಹೊತ್ತು ಬಸ್ ಸ್ಟ್ಯಾಂಡಿನ ತನಕ ಬಂದರು. ಬೇಡವೆಂದರೂ ಕೇಳಲಿಲ್ಲ. ಬಸ್ಸು ಬಂದು ನಿಂತು, ನಾನು ಹತ್ತಲು ಹೊರಟಾಗ ತೋಳು ಹಿಡಿದು ನಿಲ್ಲಿಸಿದರು.

"ಒಂದು ಮಾತು ಕೇಳ್ತೀನ್ರಿ, ಖರೇ ಹೇಳ್ರಿ. ಪ್ಯಾನೆಲ್ ಬಾಗ್ಲಾ ತೆಗಿಯೂಮುಂದ ನಿಮಗ ಅಂಜಿಕಿ ಆಗ್ತೈತೇನ್ರಿ?"

"ಪ್ರತಿ ಸಲ ಆಗ್ತದೆ ಅಣ್ಣಾ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಸುಳ್ಳಲ್ಲ ಎಂದು ಗೊತ್ತಾಗಿರಬೇಕು. ಬೆಳಗಿನಿಂದ ಮೊದಲ ಸಲ ನಕ್ಕರು.

"ಹಂಗಾರ ಚಲೋ ಆತು" ಎಂದು ಪೆಟ್ಟಿಗೆಯನ್ನು ಎತ್ತಿ ನನ್ನ ಸೀಟಿನ ಪಕ್ಕಕ್ಕೆ ಇಟ್ಟರು.